ಹತ್ತಿ ಕೋಣೆ ನನ್ನದಾದ ಬೇಸಿಗೆ

ಅವ್ವನ ಎರಡನೆಯ ಮದುವೆ ಆದಾಗ ನಾನು ನಾಲ್ಕನೇ ಕ್ಲಾಸು ಮುಗಿಸಿದ್ದೆ. ಹೆತ್ತ ತಂದೆಯ ಮುಖ ನನಗೆ ನೆನಪಿಲ್ಲ. ನಾನು ತೊಟ್ಟಿಲಲ್ಲಿದ್ದಾಗಲೇ ತೀರಿಕೊಂಡನಂತೆ. ನಾನು ಬೆಳೆದದ್ದೆಲ್ಲ ಜಗಳೂರಿನಲ್ಲಿ, ಅವ್ವನ ತಾಯಿಯ ಮನೆಯಲ್ಲಿ. ಒಂದು ಕೋಣೆ, ಒಂದು ಒಲೆ, ಹೊರಗೆ ಎರಡು ಆಡು. ಅವ್ವ ಹಳೆ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುತ್ತಿದ್ದಳು, ಅಜ್ಜಿ ಆಡು ಮೇಯಿಸುತ್ತಿದ್ದಳು, ನಾನು ಹಗಲೆಲ್ಲ ಊರು ಸುತ್ತಿ ಕತ್ತಲಾದ ಮೇಲೆ ಅಜ್ಜಿಯ ಬೆನ್ನಿಗೆ ಬೆನ್ನು ಹಚ್ಚಿ ಮಲಗುತ್ತಿದ್ದೆ. ಹೊನ್ನಾಳಿಯಿಂದ ಅವ್ವನಿಗೆ ಸಂಬಂಧ ಬಂದಾಗ ಅಜ್ಜಿ ಎರಡು ಮಾತಾಡದೆ ಒಪ್ಪಿದಳು. ವರ ನಮ್ಮ ಪಿಂಜಾರರವನೇ, ಹತ್ತಿ ಹಿಂಜಿ ಗಾದಿ ಹೊಲಿಯುವ ಮನೆಯವನು. ಮೊದಲ ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಮಗಳ ಬಾಳು ಚಿಗುರುತ್ತದೆ ಎಂದು ಅಜ್ಜಿಗೆ ಖುಷಿಯಿತ್ತು. ಆದರೆ ನನ್ನ ವಿಷಯ ಬಂದಾಗ ಅವಳು ಬೀಗರ ಎದುರಿಗೇ ಕರಾರು ಹಾಕಿದಳು.

“ಮಗಳನ್ನ ಕಳಿಸ್ತೀನಿ. ಮೊಮ್ಮಗಳ ಮಾತು ಬ್ಯಾರೆ. ಬ್ಯಾಸಿಗಿ ರಜಾ ಅಲ್ಲಿರ್ಲಿ. ಇಸ್ಕೂಲು ಸುರು ಆಗಾಕೆ ಮುಂಚೆ ನಾನೇ ಬಂದು ನೋಡ್ತೀನಿ. ಹುಡುಗಿ ಮುಖ ಸಣ್ಣಗಾಗಿದ್ರೆ ಅವತ್ತೇ ಬಸ್ ಹತ್ತಿಸ್ಕೊಂಡು ಬರ್ತೀನಿ.”

ಈ ಮಾತು ನನ್ನ ಕಿವಿಗೂ ಬಿದ್ದಿತ್ತು. ಹಾಗಾಗಿ ಹೊನ್ನಾಳಿಗೆ ಹೋಗುವ ಬಸ್ಸಿನಲ್ಲೇ ನಾನು ತೀರ್ಮಾನ ಮಾಡಿಕೊಂಡೆ: ರಜಾ ಮುಗಿಯುವ ತನಕ ಮುಖ ಸಣ್ಣಗೆ ಇಟ್ಟುಕೊಂಡಿರಬೇಕು. ಬಸ್ಸಿನ ಕಿಟಕಿಯ ಗಾಜಿನಲ್ಲಿ ಕೆನ್ನೆ ಒಳಗೆ ಎಳೆದುಕೊಂಡು ಅಭ್ಯಾಸವನ್ನೂ ಮಾಡಿದೆ. ಅವ್ವ ನನಗೆ ಹಲ್ಲು ನೋವೆಂದು ತಿಳಿದು ದಾವಣಗೆರೆಯ ಸ್ಟ್ಯಾಂಡಿನಲ್ಲಿ ಲವಂಗ ಹುಡುಕಿಕೊಂಡು ಹೋದಳು.

ಹೊನ್ನಾಳಿಯ ಮನೆ ಉದ್ದಕ್ಕಿತ್ತು. ಬೀದಿಗೆ ಅಂಗಡಿ, ಅದರ ಹಿಂದೆ ಹತ್ತಿ ಹಿಂಜುವ ಮಿಷನ್ನು, ಅದರ ಹಿಂದೆ ನಡುಮನೆ, ಕೊನೆಗೆ ಅಡುಗೆಮನೆ ಮತ್ತು ಬಚ್ಚಲು. ನಡುಮನೆಯ ಪಕ್ಕಕ್ಕೆ ಒಂದು ಕೋಣೆಯಿತ್ತು. ಅದರ ಬಾಗಿಲು ತೆಗೆದರೆ ಮನುಷ್ಯ ಒಳಗೆ ಹೋಗುವಂತಿರಲಿಲ್ಲ, ಹತ್ತಿ ಹೊರಗೆ ಬರುತ್ತಿತ್ತು. ಮನೆಯಲ್ಲಿ ಹತ್ತಿ ಇಲ್ಲದ ಜಾಗವೇ ಇರಲಿಲ್ಲ. ಹುಬ್ಬಿನ ಮೇಲೆ, ಸಾರಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಅದರ ಎಳೆ ಕೂತಿರುತ್ತಿತ್ತು. ಎಷ್ಟು ಸೆಕೆಯಿದ್ದರೂ ಹಗಲು ಫ್ಯಾನು ಹಾಕುವಂತಿರಲಿಲ್ಲ, ಹಾಕಿದರೆ ನಡುಮನೆಯಲ್ಲಿ ಮೋಡ ಏಳುತ್ತಿತ್ತು. ಆ ಮನೆಯಲ್ಲಿ ಇದ್ದವರು ಇಬ್ಬರೇ, ಅಪ್ಪ ಮತ್ತು ಅವನ ತಾಯಿ ಮಾಬಜ್ಜಿ. ಅಪ್ಪ ಎಂದು ಈಗ ಬರೆಯುತ್ತಿದ್ದೇನೆ. ಆ ಬೇಸಿಗೆಯಲ್ಲಿ ನಾನು ಅವನನ್ನು ಏನೂ ಎಂದು ಕರೆಯುತ್ತಿರಲಿಲ್ಲ, ಕರೆಯುವ ಪ್ರಸಂಗ ಬಂದರೆ ಕೆಮ್ಮುತ್ತಿದ್ದೆ. ಉದ್ದನೆಯ ಆಳು, ಮಾತು ಕಡಿಮೆ, ಹತ್ತಿ ಹಿಂಜಿ ಹಿಂಜಿ ಮೂವತ್ತೈದಕ್ಕೇ ತಲೆಯೆಲ್ಲ ಬೆಳ್ಳಗಾದಂತೆ ಕಾಣುತ್ತಿದ್ದ. ಸ್ನಾನ ಮಾಡಿ ಬಂದರೆ ಕೂದಲು ಕಪ್ಪಗಿರುತ್ತಿತ್ತು. ಇದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂದು, ಕೆನ್ನೆ ಒಳಗೆ ಎಳೆದುಕೊಳ್ಳಲು ಕಷ್ಟಪಟ್ಟೆ.

ರಾತ್ರಿ ಎಲ್ಲರೂ ನಡುಮನೆಯಲ್ಲೇ ಮಲಗುತ್ತಿದ್ದೆವು. ಊರಿಗೆಲ್ಲ ಗಾದಿ ಮಾಡಿಕೊಡುವ ಮನೆಯಲ್ಲಿ ಮನೆಯವರಿಗೆ ಇದ್ದದ್ದು ಚಾಪೆ ಮತ್ತು ಕೌದಿ. ನನ್ನ ಚಾಪೆಗೆ ನಿಶ್ಚಿತ ಜಾಗವಿರಲಿಲ್ಲ; ಒಂದು ದಿನ ಮಾಬಜ್ಜಿಯ ಕಾಲಡಿ, ಒಂದು ದಿನ ಅಡುಗೆಮನೆಯ ಹೊಸ್ತಿಲ ಹತ್ತಿರ. ಊಟಕ್ಕೆ ಕೂತರೂ ನಾನು ಗೋಡೆಗೆ ಮುಖ ಮಾಡಿ ಕೂರುತ್ತಿದ್ದೆ. ಅವ್ವ ಹೊಸ ಸೊಸೆ, ಅತ್ತೆಯ ಎದುರು ನನ್ನನ್ನು ಗದರುವಂತೆಯೂ ಇಲ್ಲ, ಮುದ್ದು ಮಾಡುವಂತೆಯೂ ಇಲ್ಲ. ಹೀಗೆ ಒಂದು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ಮುದ್ದೆ ನುಂಗುತ್ತಾ ಅಪ್ಪ, ಹತ್ತಿ ಕೋಣೆಯನ್ನು ಖಾಲಿ ಮಾಡಿ ಹುಡುಗಿಗೆ ಕೊಡೋಣ ಎಂದ. ಮಾಬಜ್ಜಿಯ ಕೈ ತಟ್ಟೆಯಲ್ಲೇ ನಿಂತಿತು. ತಾನು ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಆ ಕೋಣೆ ಹತ್ತಿಯದೇ, ತನ್ನ ಮಕ್ಕಳು ಯಾರಿಗೂ ಕೋಣೆ ಇರಲಿಲ್ಲ, ಮಳೆಗಾಲ ಬಂದರೆ ನಡುಮನೆಯಲ್ಲಿ ಹತ್ತಿ ತಂಪು ಹಿಡಿಯುತ್ತದೆ, ಅಷ್ಟು ಸಣ್ಣ ಹುಡುಗಿಗೆ ಒಂದು ಕೋಣೆ ಯಾತಕ್ಕೆ, ಎಂದು ಅವಳು ಒಂದೇ ಉಸಿರಿನಲ್ಲಿ ಹೇಳಿದಳು. ಅವ್ವನೂ ಗಾಬರಿಯಿಂದ ಬೇಡವೇ ಬೇಡ ಎಂದಳು. ಅಪ್ಪ ಮುದ್ದೆ ಮುಗಿಸಿ, ಕೈ ತೊಳೆದು ಬಂದು ಮಾಬಜ್ಜಿಯ ಎದುರಿಗೆ ನಿಂತ.

“ಹತ್ತಿ ಎಲ್ಲಿ ಬೇಕಾದ್ರೂ ಮಲಗ್ತೈತೆ, ಅವ್ವ. ಅದಕ್ಕೆ ಬೇಜಾರಾಗಲ್ಲ.”

ಅವತ್ತು ಸಂಜೆಯೇ ಖಾಲಿ ಮಾಡಲು ಹಿಡಿದ. ಹತ್ತಿಯ ಮೂಟೆಗಳು ನಡುಮನೆಯ ಗೋಡೆಗುಂಟ ಏರಿದವು, ಅಂಗಡಿಯ ಅಟ್ಟ ಸೇರಿದವು, ಅಡುಗೆಮನೆಯ ಮೂಲೆಯಲ್ಲೂ ಒಂದು ಬಂದು ಕೂತಿತು. ಮಾಬಜ್ಜಿ ಸಿಟ್ಟಿನಿಂದ ಯಾವ ಮೂಟೆಗೂ ಕೈ ಹಚ್ಚಲಿಲ್ಲ, ಆದರೆ ಯಾವುದು ಎಲ್ಲಿಗೆ ಹೋಗಬೇಕು ಎಂದು ಕೂತಲ್ಲಿಂದ ಹೇಳುತ್ತಲೇ ಇದ್ದಳು. ಕೊನೆಯ ಮೂಟೆ ಹೊರಗೆ ಬಂದಾಗ ಅಪ್ಪ ‘ಜೈನಿ’ ಎಂದು ನನ್ನನ್ನು ಕರೆದು ಕೋಣೆಯ ನಡುವೆ ನಿಲ್ಲಿಸಿದ. ಸುಣ್ಣ ಉದುರಿದ ಗೋಡೆ, ಒಂದು ಗೂಡು, ನನ್ನ ತಲೆಗಿಂತ ಎತ್ತರದಲ್ಲಿ ಒಂದು ಸಣ್ಣ ಕಿಟಕಿ, ಹತ್ತಿಬೀಜದ ವಾಸನೆ. ಮಾತಾಡಿದರೆ ದನಿ ತಿರುಗಿ ಬರುತ್ತಿತ್ತು. ಇಲ್ಲಿ ಏನೇನು ಇರಬೇಕು ಹೇಳು ಎಂದು ಕೇಳಿದ. ನಾನು ಹೇಳಲಿಲ್ಲ. ಹೇಳಬಾರದು ಎಂಬ ಹಟ ಅರ್ಧ. ಉಳಿದರ್ಧ, ನನಗೂ ಗೊತ್ತಿರಲಿಲ್ಲ. ಮಕ್ಕಳ ಕೋಣೆ ಎಂಬುದನ್ನು ನಾನು ನೋಡಿರಲಿಲ್ಲ. ಅವನೂ ನೋಡಿರಲಿಲ್ಲ. ಆಮೇಲೆ ಅವನು, ಬೇರೆ ಮನೆಗಳಲ್ಲಿ ಹೇಗಿರುತ್ತದೆ ನೋಡಿಕೊಂಡು ಬರೋಣ ಎಂದ.

ಮದುವೆಯ ಕಾಲ ಅದು. ಸುತ್ತಲ ಊರುಗಳಿಂದ ಗಾದಿ, ದಿಂಬುಗಳ ಆರ್ಡರು ಬಂದಿದ್ದವು; ಅವನ್ನು ಲಗೇಜ್ ಆಟೋದಲ್ಲಿ ಹೇರಿಕೊಂಡು ಮನೆಮನೆಗೆ ಮುಟ್ಟಿಸುವುದು ಅಪ್ಪನ ಕೆಲಸ. ಬೇರೆ ಯಾವ ವ್ಯಾಪಾರದವರನ್ನೂ ಜನ ಪಡಸಾಲೆಯಿಂದ ಒಳಗೆ ಬಿಡುವುದಿಲ್ಲ, ಗಾದಿಯವನನ್ನು ಮಾತ್ರ ನೇರವಾಗಿ ಮಲಗುವ ಕೋಣೆಗೆ ಕರೆದೊಯ್ಯುತ್ತಾರೆ. ಅವತ್ತಿನಿಂದ ಆಟೋದ ಮುಂದಿನ ಸೀಟಿನಲ್ಲಿ ಅವನ ಪಕ್ಕಕ್ಕೆ ನಾನು. ನ್ಯಾಮತಿಯಲ್ಲಿ ಒಬ್ಬ ಮೇಷ್ಟ್ರ ಮನೆಗೆ ಹೋದೆವು. ಅವರ ಇಬ್ಬರು ಗಂಡುಮಕ್ಕಳಿಗೆ ಒಂದೇ ಕೋಣೆ. ನೆಲದ ಮೇಲೆ ಬಾಗಿಲಿಗೂ ಕಿಟಕಿಗೂ ನಡುವೆ ಅಡ್ಡಕ್ಕೆ ಸೀಮೆಸುಣ್ಣದ ಗೆರೆ ಎಳೆದು ಭಾಗ ಮಾಡಿಕೊಂಡಿದ್ದರು. ಕಿಟಕಿ ಒಬ್ಬನ ಪಾಲಿಗೆ, ಬಾಗಿಲು ಇನ್ನೊಬ್ಬನ ಪಾಲಿಗೆ. ಹಾಗಾಗಿ ಕಿಟಕಿಯವನು ಹೊರಗೆ ಹೋಗಬೇಕಾದರೆ ಅಣ್ಣನ ಅಪ್ಪಣೆ ಕೇಳಬೇಕು, ಅಣ್ಣನಿಗೆ ಸೆಕೆಯಾದರೆ ತಮ್ಮನನ್ನು ಬೇಡಬೇಕು. ನಮಗೆ ಇದನ್ನೆಲ್ಲ ವಿವರಿಸುವಾಗ ಇಬ್ಬರೂ ಬಹಳ ಹೆಮ್ಮೆಯಲ್ಲಿದ್ದರು. ಅಪ್ಪ ಗಾದಿಯನ್ನು ತಲೆಯ ಮೇಲೆ ಹೊತ್ತುಕೊಂಡೇ, ಗೆರೆ ತುಳಿಯದೆ ಹೋಗುವುದು ಹೇಗೆ ಎಂದು ಅವರನ್ನೇ ಕೇಳಿ, ಅವರು ತೋರಿಸಿದ ಹಾಗೆ ಗೋಡೆಗುಂಟ ಕಾಲಿಟ್ಟುಕೊಂಡು ಹೋದ.

ಚನ್ನಗಿರಿಯ ಮನೆ ಅದಕ್ಕೆ ಪೂರ್ತಿ ಉಲ್ಟಾ. ಹೊಸದಾಗಿ ಕಟ್ಟಿಸಿದ ದೊಡ್ಡ ಮನೆ, ನನ್ನ ವಾರಿಗೆಯ ಒಬ್ಬಳೇ ಮಗಳು, ಅವಳಿಗೊಂದು ಮಹಡಿ ಕೋಣೆ. ಸಾಗವಾನಿಯ ಮಂಚ ಎಷ್ಟು ಎತ್ತರವೆಂದರೆ ಹತ್ತಲು ಪಕ್ಕದಲ್ಲಿ ಸ್ಟೂಲು ಇಟ್ಟಿದ್ದರು. ಕನ್ನಡಿಯ ಟೇಬಲ್ಲು, ಗೋಡೆಯಷ್ಟು ದೊಡ್ಡ ಬೀರು, ಪರದೆಗೂ ಚಾದರಕ್ಕೂ ಒಂದೇ ಗುಲಾಬಿ ಹೂವು. ದೊಡ್ಡವರು ಕೆಳಗೆ ಹೋದಾಗ ಆ ಹುಡುಗಿ ನನ್ನನ್ನು ಮಂಚದ ಮೇಲೆ ಮಲಗಲು ಹೇಳಿದಳು. ನಾನು ಮಲಗಿದೆ. ಹೇಗಿದೆ ಎಂದು ಕೇಳಿದಳು. ಚೆನ್ನಾಗಿದೆ ಎಂದೆ, ನೀನು ದಿನಾ ಮಲಗ್ತೀಯಲ್ಲ, ನಿನಗೇ ಗೊತ್ತಲ್ಲ ಎಂದೆ. ಅವಳು ಬಾಗಿಲ ಕಡೆ ನೋಡಿ, ತಾನು ಅಲ್ಲಿ ಒಂದು ದಿನವೂ ಮಲಗಿಲ್ಲ, ಒಬ್ಬಳಿಗೇ ಹೆದರಿಕೆ, ಕೆಳಗೆ ಅಮ್ಮನ ಹತ್ತಿರವೇ ಮಲಗುತ್ತೇನೆ ಎಂದು ಹೇಳಿದಳು. ಹಾಸಿದ ಚಾದರದಲ್ಲಿ ಒಂದು ಸುಕ್ಕೂ ಯಾಕಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಇಳಿದ ಮೇಲೆ ನಾವಿಬ್ಬರೂ ಸೇರಿ ನನ್ನ ಮೈ ಮಾಡಿದ ಸುಕ್ಕನ್ನು ಸರಿ ಮಾಡಿದೆವು.

ವಾಪಸು ಬರುವಾಗ ಸಾಸ್ವೆಹಳ್ಳಿಯ ಹತ್ತಿರ ಅಪ್ಪ ಕಬ್ಬಿನ ಹಾಲಿನ ಗಾಡಿಯ ಮುಂದೆ ಆಟೋ ನಿಲ್ಲಿಸಿದ. ಲೋಟ ಹಿಡಿದುಕೊಂಡು ಇಬ್ಬರೂ ಒಂದು ಹುಣಸೆಮರದ ನೆರಳಿಗೆ ನಿಂತೆವು. ಚನ್ನಗಿರಿಯ ಮಂಚ ಚೆನ್ನಾಗಿತ್ತಲ್ಲ, ಅಂಥದು ಬೇಕಾ ಎಂದು ಅವನು ಕೇಳಿದ. ಮೂರು ವಾರದಲ್ಲಿ ನಾನಾಗಿ ಅವನಿಗೆ ಒಂದು ಮಾತೂ ಆಡಿರಲಿಲ್ಲ. ಆ ಹುಡುಗಿಯ ಸುಕ್ಕಿಲ್ಲದ ಚಾದರ ಕಣ್ಣ ಮುಂದೆ ಇತ್ತೋ, ಕಬ್ಬಿನ ಹಾಲು ತಂಪಾಗಿತ್ತೋ, ಬಾಯಿಗೆ ಬಂದೇಬಿಟ್ಟಿತು.

“ನಮ್ಮಜ್ಜಿ ಬಂದ್ರೆ ಎಲ್ಲಿ ಮಲಗಬೇಕು?”

ಅವನು ಲೋಟ ಕೆಳಗಿಟ್ಟ. ನಾನು ಜಗಳಕ್ಕೆ ತಯಾರಾಗಿದ್ದೆ. ಅವನು ಮಾತ್ರ ನಿಜವಾಗಿಯೂ ಯೋಚನೆ ಮಾಡುತ್ತಿದ್ದ. ನಿಮ್ಮಜ್ಜಿ ಎಷ್ಟು ಎತ್ತರ ಎಂದು ಕೇಳಿದ. ಯಾವ ಮಗ್ಗುಲಿಗೆ ಮಲಗುತ್ತಾಳೆ, ಮಂಚ ಹತ್ತುತ್ತಾಳಾ, ಬೆಳಗಿನ ನಮಾಜಿಗೆ ಏಳುವಾಗ ಕತ್ತಲಲ್ಲಿ ತಡವರಿಸುತ್ತಾಳಾ, ದೀಪ ಬೇಕಾ. ಒಂದಕ್ಕೆ ಉತ್ತರ ಹೇಳಿದೆ, ಎರಡನೆಯದಕ್ಕೆ ಹೇಳಿದೆ, ಮತ್ತೆ ಹೊನ್ನಾಳಿ ಬರುವ ತನಕ ನನ್ನ ಬಾಯಿ ಮುಚ್ಚಲಿಲ್ಲ. ಅಜ್ಜಿಗೆ ಮೊಣಕಾಲು ನೋವು, ಎತ್ತರ ಹತ್ತಲಾರಳು, ಇಳಿಯಲಾರಳು. ಮೆತ್ತಗಿನ ಹಾಸಿಗೆಯಾದರೆ ಸೊಂಟ ಹಿಡಿಯುತ್ತದೆ. ಗೋಡೆ ಕಡೆ ಮಲಗುವುದಿಲ್ಲ, ಆಡು ಕೂಗಿದರೆ ಎದ್ದು ಹೋಗಬೇಕಲ್ಲ. ನಿದ್ದೆಯಲ್ಲಿ ಅಜ್ಜನ ಹತ್ತಿರ ಜಗಳವಾಡುತ್ತಾಳೆ. ಅಪ್ಪ ರಸ್ತೆ ನೋಡುತ್ತಾ ಹೂಂಗುಟ್ಟುತ್ತಾ ಇದ್ದ. ಕೆಮ್ಮುವುದನ್ನು ನಾನು ಅವತ್ತು ಮರೆತೇಬಿಟ್ಟಿದ್ದೆ.

ಮರುದಿನ ಮಂಚ ನೋಡಲು ಹೋದೆವು, ಅವ್ವನನ್ನೂ ಕರೆದುಕೊಂಡು. ಹೊನ್ನಾಳಿಯ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕಬ್ಬಿಣದ ಮಂಚಗಳ ಅಂಗಡಿಯಿತ್ತು. ಅಪ್ಪ ಅಲ್ಲಿ ಮೊಣಕಾಲಿನ ಮೇಲೆ ಕೈಯೂರಿ, ಬೆನ್ನು ಬಗ್ಗಿಸಿ, ನಾನು ಹೇಳಿದ ಹಾಗೇ ನನ್ನ ಅಜ್ಜಿಯಂತೆ ನಡೆದುಬಂದು ಒಂದೊಂದು ಮಂಚದ ಮೇಲೂ ಕೂತು ನೋಡಿದ. ಕೂರುವಾಗ ‘ಯಾ ಅಲ್ಲಾ’ ಎಂದು ಉಸಿರುಬಿಡಬೇಕು ಎಂದು ನಾನು ತಿದ್ದಿದೆ, ಹಾಗೆಯೇ ಮಾಡಿದ. ಆ ಉದ್ದನೆಯ ಆಳು ಮುದುಕಿಯಾಗಿ ಮಂಚದ ತುದಿಗೆ ಕೂತದ್ದನ್ನು ನೋಡಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಮುಚ್ಚಿಕೊಳ್ಳಲಿಲ್ಲ. ಅಂಗಡಿಯವನು ಏನೂ ತಿಳಿಯದೆ, ಸಾಹೇಬ್ರಿಗೆ ಸೊಂಟ ನೋವಾ ಎಂದು ಅವ್ವನನ್ನು ಕೇಳಿದ. ಯಾವ ಮಂಚವೂ ಆಗಲಿಲ್ಲ. ಎಲ್ಲವೂ ಎತ್ತರ, ಎಲ್ಲವೂ ಇಕ್ಕಟ್ಟು.

ಕೊನೆಗೆ ಮಂಚ ಸಿಕ್ಕಿದ್ದು ಸವಳಂಗದಲ್ಲಿ. ಅಲ್ಲಿ ಒಂದು ರೈತರ ಮನೆಯವರು ಹೊಸ ಮನೆ ಕಟ್ಟಿ, ಹಳೆಯ ಅಗಲವಾದ ಮರದ ಮಂಚವನ್ನು ಹೊಸ ಬಾಗಿಲಲ್ಲಿ ತೂರಿಸಲಾಗದೆ ಅಂಗಳದಲ್ಲೇ ಬಿಟ್ಟಿದ್ದರು. ಅದರ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಅಪ್ಪ ಎರಡು ಹೊಸ ಗಾದಿ ಮಾಡಿಕೊಡುವುದಾಗಿ ಮಾತಾಡಿ ಮಂಚ ತಂದ. ನಮ್ಮ ಬಾಗಿಲಲ್ಲೂ ಅದು ತೂರಲಿಲ್ಲ. ಬಿಚ್ಚಿ ಒಳಗೆ ಒಯ್ದು ಮತ್ತೆ ಜೋಡಿಸಬೇಕಾಯಿತು. ಕಾಲುಗಳನ್ನು ಕುಯ್ದು ತಗ್ಗಿಸುವ ಕೆಲಸವನ್ನು ಅಪ್ಪ ಯಾರಿಗೂ ಕೊಡದೆ ತಾನೇ ಮಾಡಿದ. ಮೂರು ಕಾಲು ಸರಿಬಂದವು, ನಾಲ್ಕನೆಯದು ಗಿಡ್ಡವಾಯಿತು. ಅದನ್ನು ಸರಿಮಾಡಲು ಉಳಿದ ಮೂರನ್ನು ಕುಯ್ದ; ಈಗ ಬೇರೆ ಒಂದು ಗಿಡ್ಡವಾಯಿತು. ಮಾಬಜ್ಜಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಇನ್ನು ಎರಡು ಸಲ ಕುಯ್ದರೆ ಅದು ಮಂಚವಲ್ಲ, ರೊಟ್ಟಿ ಮಣೆ ಎಂದಳು. ಅಪ್ಪ ಗರಗಸ ಕೆಳಗಿಟ್ಟು ಗಿಡ್ಡ ಕಾಲಿನ ಅಡಿಗೆ ಒಂದು ಮರದ ಚೂರು ಕೊಟ್ಟ.

ಗೋಡೆಯ ಬಣ್ಣಕ್ಕೆ ಜಗಳವಾಯಿತು. ಅವ್ವನಿಗೆ ಗುಲಾಬಿ ಬೇಕು, ನನಗೆ ನೀಲಿ. ಸುಣ್ಣಕ್ಕೆ ನೀಲಿ ಪುಡಿ ಕಲಸುವ ಕೆಲಸ ನನ್ನದಾಯಿತು, ಚಿಟಿಕೆ ಹಾಕು ಎಂದರೆ ಪೊಟ್ಟಣವೇ ಬಕೀಟಿಗೆ ಬಿತ್ತು. ಒಣಗಿದ ಮೇಲೆ ಕೋಣೆ ಶಾಯಿಯ ದವತಿಯ ಒಳಗಿನಂತೆ ಕಂಡಿತು. ಹೊಳೆ ಮನೆಯೊಳಗೆ ಬಂದಹಾಗಿದೆ ಎಂದಳು ಮಾಬಜ್ಜಿ. ಯಾರೂ ಅದರ ಮೇಲೆ ಇನ್ನೊಂದು ಸಲ ಬಳಿಯಲು ಹೋಗಲಿಲ್ಲ. ಕಿಟಕಿ ಎತ್ತರವಿತ್ತಲ್ಲ, ಅದರ ಕೆಳಗೆ ಅಪ್ಪ ಇಟ್ಟಿಗೆ ಜೋಡಿಸಿ ಒಂದು ಕಟ್ಟೆ ಕಟ್ಟಿದ. ಅದರ ಮೇಲೆ ಹತ್ತಿ ಕೂತರೆ ನನಗೆ ಬೀದಿ ಕಾಣುತ್ತಿತ್ತು, ಬೀದಿಗೆ ನಾನು ಕಾಣುತ್ತಿರಲಿಲ್ಲ. ಗೂಡು ಪುಸ್ತಕಕ್ಕೆ. ಗೋಡೆಗೆ ಬಟ್ಟೆ ತೂಗುಹಾಕಲು ಮೂರು ಗೂಟ, ಎರಡು ಅಜ್ಜಿಗೆ ಒಂದು ನನಗೆ, ಯಾಕೆಂದರೆ ಅಜ್ಜಿಯ ಸೀರೆ ಉದ್ದ. ಒಳಗಿನಿಂದ ಒಂದು ಚಿಲಕ ಬೇಕು ಎಂದು ಕೇಳಿದಾಗ ಮಾತ್ರ ಮನೆಯಲ್ಲಿ ದೊಡ್ಡ ರಂಪ. ಹುಡುಗಿ ಒಳಗೆ ಸಿಕ್ಕಿಕೊಂಡರೆ ಏನು ಗತಿ ಎಂದು ಈ ಒಂದು ವಿಷಯದಲ್ಲಿ ಅತ್ತೆ ಸೊಸೆ ಒಂದಾದರು. ಎರಡು ದಿನ ಅದೇ ಮಾತು, ಊಟಕ್ಕೂ ಅದೇ ಮಾತು. ಕೊನೆಗೆ ಚಿಲಕ ಬಂತು, ಆದರೆ ಅಪ್ಪ ಅದರ ಪಕ್ಕಕ್ಕೆ ಬಾಗಿಲಲ್ಲಿ ಒಂದು ಸಣ್ಣ ತೂತು ಇಟ್ಟ. ಹೊರಗಿನಿಂದ ಗಾದಿ ಹೊಲಿಯುವ ದಬ್ಬಣ ತೂರಿಸಿದರೆ ಚಿಲಕ ಸರಿಯುತ್ತಿತ್ತು. ಆ ದಬ್ಬಣ ಇರುತ್ತಿದ್ದದ್ದು ಮಾಬಜ್ಜಿಯ ಸೊಂಟದಲ್ಲಿ.

ಗಾದಿ ಮಾಡುವುದೊಂದು ಉಳಿಯಿತು. ಅಪ್ಪ ಮಿಷನ್ನಿಗೆ ಹತ್ತಿ ಹಾಕಲು ಹೋದಾಗ ಮಾಬಜ್ಜಿ ಬಂದು ಮುಷ್ಟಿಯಲ್ಲಿ ಹತ್ತಿ ಹಿಡಿದು ನೋಡಿದಳು. ಹುಡುಗಿಗೆ ಇಂಥದ್ದಾ ಎಂದು ಅದನ್ನು ಮೂಲೆಗೆ ಸುರಿದಳು. ಮದುವೆಯಾಗಿ ಹೋದ ತನ್ನ ಹೆಣ್ಣುಮಕ್ಕಳಿಗೆಂದು ತೆಗೆದಿಟ್ಟಿದ್ದ ಒಳ್ಳೆಯ ಹತ್ತಿಯ ಮೂಟೆ ಬಿಚ್ಚಿದಳು. ಗಂಡ ಹೋದ ಮೇಲೆ ಅವಳೇ ಕೈಯಾರೆ ಹತ್ತಿ ಹಿಂಜಿ ಮಕ್ಕಳನ್ನು ಸಾಕಿದವಳು. ಮಿಷನ್ನು ಬಂದ ಮೇಲೆ ಅವಳ ಹಿಂಜುವ ಬಿಲ್ಲು ಅಟ್ಟ ಸೇರಿತ್ತು. ಅದನ್ನು ಇಳಿಸಿ, ತಂತಿ ಬಿಗಿದು, ನಡುಮನೆಯಲ್ಲಿ ಕೂತು ಮೀಟಿದಳು. ಟಂಯ್ ಟಂಯ್ ಎಂಬ ಸದ್ದು ಕೇಳಿ ಬೀದಿಯ ಮುದುಕಿಯರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಕೂತರು. ಹತ್ತಿ ತಂತಿಯ ಮೇಲೆ ಹಾರಿ ಹಾರಿ ಬಿಡಿಸಿಕೊಳ್ಳುವುದನ್ನು ನಾನು ಎದುರಿಗೆ ಕೂತು ನೋಡಿದೆ. ಅಷ್ಟು ದಿನ ನನ್ನ ಹತ್ತಿರ ನೆಟ್ಟಗೆ ಮಾತಾಡದವಳು ಕೈ ನಿಲ್ಲಿಸದೆ ಕೇಳಿದಳು.

“ನಿಮ್ಮಜ್ಜಿಗೆ ಗಟ್ಟಿ ಬೇಕೋ, ಮೆತ್ತಗೆ ಬೇಕೋ?”

“ಗಟ್ಟಿ.”

“ನಿಂಗೆ?”

“ಮೆತ್ತಗೆ.”

ಸರಿ ಎಂದಳು ಅಷ್ಟೆ. ಆ ಗಾದಿಯ ಒಂದು ಅರ್ಧಕ್ಕೆ ಹತ್ತಿಯನ್ನು ಒತ್ತಿ ಒತ್ತಿ ತುಂಬಿದಳು, ಇನ್ನೊಂದು ಅರ್ಧಕ್ಕೆ ಹಗುರಾಗಿ ಹರಡಿದಳು, ನಡುವೆ ಎರಡು ಸಾಲು ಹೊಲಿಗೆ ಹಾಕಿಸಿದಳು. ದಬ್ಬಣ ಹಿಡಿಯುವುದನ್ನು, ದಾರ ಎಳೆದು ಗಂಟು ಬಿಗಿಯುವುದನ್ನು ನನಗೆ ಕಲಿಸಿದ್ದು ಆ ಗಾದಿಯ ಮೇಲೆಯೇ. ಈಗ ಆ ಅಂಗಡಿಯಲ್ಲಿ ಕೂರುವವಳು ನಾನು. ಮಗುವಿಗೆ ಹಾಸಿಗೆ ಬೇಕು ಎಂದು ಯಾರಾದರೂ ಬಂದರೆ ಅಳತೆ ಕೇಳುವುದಕ್ಕಿಂತ ಮುಂಚೆ, ಜತೆಗೆ ಯಾರು ಮಲಗುತ್ತಾರೆ ಎಂದು ಕೇಳುತ್ತೇನೆ. ಕೆಲವರು ನಗುತ್ತಾರೆ. ಹೆಚ್ಚಿನವರು ಸ್ವಲ್ಪ ಯೋಚಿಸಿ ಉತ್ತರ ಹೇಳುತ್ತಾರೆ.

ಸ್ಕೂಲು ಶುರುವಾಗಲು ನಾಲ್ಕೈದು ದಿನ ಇರುವಾಗ ಜಗಳೂರಿನಿಂದ ಅಜ್ಜಿ ಬಂದಳು. ಕೈಯಲ್ಲಿ ಶೇಂಗಾದ ಚೀಲ, ಇನ್ನೊಂದು ಕೈಯಲ್ಲಿ ಖಾಲಿ ಬ್ಯಾಗು. ಆ ಖಾಲಿ ಬ್ಯಾಗು ನನ್ನ ಬಟ್ಟೆಗೆ ಎಂಬುದು ನನಗೂ ತಿಳಿಯಿತು, ಅವ್ವನಿಗೂ ತಿಳಿಯಿತು. ಅಜ್ಜಿ ಯಾರು ಕೊಟ್ಟ ನೀರನ್ನೂ ಕುಡಿಯದೆ, ಅಂಗಡಿಯ ಬಾಗಿಲಲ್ಲೇ ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ಕೆನ್ನೆ ಒಳಗೆ ಎಳೆದುಕೊಳ್ಳಬೇಕು ಎಂಬುದು ನನಗೆ ಯಾವಾಗಿನಿಂದಲೋ ಮರೆತುಹೋಗಿತ್ತು.

“ಸಣ್ಣಗೆ ಎಲ್ಲೈತೆ, ಊದ್ಕಂಡೈತಲ್ಲೇ.”

ದೂರುವ ದನಿಯಲ್ಲೇ ಹೇಳಿದಳು, ಕೈ ಮಾತ್ರ ಕೆನ್ನೆಯ ಮೇಲೆಯೇ ಇತ್ತು. ನಾನು ಅವಳನ್ನು ಎಳೆದುಕೊಂಡು ಕೋಣೆಗೆ ಹೋದೆ. ನೀಲಿ ಗೋಡೆ ನೋಡಿ ಅವಳು ಹೊಸ್ತಿಲಲ್ಲಿ ನಿಂತಳು. ಗೂಟ ನೋಡಿದಳು, ಕಟ್ಟೆ ನೋಡಿದಳು. ಆಮೇಲೆ ಮಂಚದ ಹತ್ತಿರ ಬಂದು, ಮೊಣಕಾಲಿಗೆ ಕೈಯೂರಿ, ಯಾ ಅಲ್ಲಾ ಎಂದು ಕೂತಳು. ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಿದವು. ಕಾಲು ಅಲ್ಲಾಡಿಸಿ ನೋಡಿದಳು, ಮತ್ತೆ ಊರಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪನ ಕಡೆ ತಿರುಗಿ ಕೇಳಿದಳು.

“ಇಷ್ಟು ತಗ್ಗಿಗೆ ಯಾಕೆ ಮಾಡಿಸಿದ್ರಿ?”

“ನಿಮಗೆ ಮೊಣಕಾಲು ನೋವು ಅಂತ ಜೈನಿ ಹೇಳಿದ್ಲು. ಗೋಡೆ ಕಡೆ ಅವಳು, ಈ ಕಡೆ ನೀವು. ನಿಮ್ಮ ಕಡೆ ಗಟ್ಟಿ ಐತ್ರಿ.”

ಅಜ್ಜಿ ಜಗಳಕ್ಕೆಂದೇ ಬಂದವಳು. ಕೈಯಿಂದ ಗಾದಿಯನ್ನು ಒತ್ತುತ್ತಾ ಒತ್ತುತ್ತಾ ನಡುವಿನ ಹೊಲಿಗೆಯ ತನಕ ಹೋದಳು, ಅಲ್ಲಿಂದ ಮೆತ್ತಗಾದದ್ದನ್ನು ನೋಡಿ ಕೈ ಹಿಂದಕ್ಕೆ ತಂದಳು. ಆಮೇಲೆ ಈಗ ನೀರು ಕೊಡು ಎಂದು ಅವ್ವನನ್ನು ಕೇಳಿದಳು. ಅವ್ವ ಅಡುಗೆಮನೆಗೆ ಓಡಿದವಳು ನೀರು ತರಲು ಬಹಳ ಹೊತ್ತು ಮಾಡಿದಳು. ಬಂದಾಗ ಮುಖ ತೊಳೆದುಕೊಂಡಿದ್ದಳು.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ಅಜ್ಜಿ ತನ್ನ ಮಗ್ಗುಲಲ್ಲಿ ಮಲಗಿದಳು. ಶೇಂಗಾ ಹುರಿದು ತಂದ ಮಾಬಜ್ಜಿ ಮಾತಾಡಿಸಲೆಂದು ಮಂಚದ ತುದಿಗೆ ಕೂತವಳು, ಸೊಂಟ ನೋಯುತ್ತದೆ ಎಂದು ನನ್ನ ಮಗ್ಗುಲಲ್ಲಿ ಅಡ್ಡಾದಳು. ತೀರಿಹೋದ ಗಂಡಂದಿರ ಬೈಗುಳ, ಹತ್ತಿಯ ಕಷ್ಟ, ಆಡಿನ ಕಷ್ಟ, ಯಾರ ಮೊಣಕಾಲು ಹೆಚ್ಚು ನೋಯುತ್ತದೆ ಎಂಬ ವಾದ. ಇಬ್ಬರೂ ಒಬ್ಬರಿಗಿಂತ ಒಬ್ಬರು ದನಿ ಎತ್ತಿ ನಗುತ್ತಿದ್ದರು. ನಾನು ನಡುವೆ ತೂರಲು ನೋಡಿದೆ. ಆ ಸೆಕೆಯಲ್ಲಿ ಇಬ್ಬರೂ ಸೇರಿ ನನ್ನನ್ನು ಆಚೆ ತಳ್ಳಿದರು. ಎಂದೂ ಸಿಗದಿದ್ದ ಕೋಣೆ ಸಿಕ್ಕಿ ವಾರವಾಗುವಷ್ಟರಲ್ಲಿ ಅಲ್ಲಿ ನನಗೇ ಜಾಗ ಇಲ್ಲದಂತಾಯಿತು. ದಿಂಬು ಹಿಡಿದುಕೊಂಡು ನಡುಮನೆಗೆ ಬಂದೆ. ಅಪ್ಪ ಹತ್ತಿಯ ಮೂಟೆಗಳ ನಡುವೆ ಕೂತು ಒಂದು ಗಾದಿಗೆ ಅಂಚು ಹೊಲಿಯುತ್ತಿದ್ದ. ಯಾಕೆ ಎಂದು ಕೇಳಿದ. ಅಲ್ಲಿ ಜಾಗ ಇಲ್ಲ ಎಂದೆ. ಅವನು ಒಳಗಿನ ನಗು ಕೇಳಿಸಿಕೊಂಡು, ಒಂದು ಮೂಟೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಹೊಲಿಯುತ್ತಿದ್ದ ಗಾದಿಯ ಅರ್ಧವನ್ನು ನನ್ನ ಕಡೆ ಬಿಡಿಸಿದ. ಅವನು ಒಂದು ಅಂಚು ಹೊಲಿಯುತ್ತಿದ್ದ, ನಾನು ಇನ್ನೊಂದು ಅಂಚಿನಲ್ಲಿ ಮಲಗಿದೆ. ಎದ್ದಾಗ ನನ್ನ ಸುತ್ತ ಬಿಟ್ಟು ಉಳಿದದ್ದೆಲ್ಲ ಹೊಲಿದು ಮುಗಿಸಿದ್ದ.

ಹೊರಡುವ ದಿನ ಅಜ್ಜಿ ಎಲ್ಲರ ಎದುರಿಗೇ ನನ್ನನ್ನು ಕೇಳಿದ್ದು ಹೊನ್ನಾಳಿಯ ಬಸ್ ಸ್ಟ್ಯಾಂಡಿನಲ್ಲಿ. ಖಾಲಿ ಬ್ಯಾಗು ಆಗಲೂ ಅವಳ ಕೈಯಲ್ಲಿತ್ತು. ಬರ್ತೀಯಾ, ಇಲ್ಲೇ ಇರ್ತೀಯಾ, ಎರಡರಲ್ಲಿ ಯಾವುದಕ್ಕೂ ನನಗೆ ಬೇಜಾರಿಲ್ಲ ಎಂದಳು. ಬೇಜಾರಿತ್ತು, ಅದು ಕಾಣುತ್ತಿತ್ತು. ನೀನೂ ಇಲ್ಲೇ ಇರು ಎಂದು ನಾನು ಅವಳ ಸೆರಗು ಹಿಡಿದೆ. ಅಪ್ಪನೂ ಅದನ್ನೇ ಹೇಳಿದ, ಮಾಬಜ್ಜಿಯಂತೂ ಮೂರು ದಿನದಿಂದ ಅದನ್ನೇ ಹೇಳುತ್ತಿದ್ದಳು. ಆಡುಗಳನ್ನು ಪಕ್ಕದ ಮನೆಯವರ ಕೈಗೆ ಬಿಟ್ಟು ಬಂದಿದ್ದೇನೆ, ಅವರು ಹಾಲು ಪೂರ್ತಿ ಕರೆಯುವುದಿಲ್ಲ ಎಂದು ಅಜ್ಜಿ ನೆಪ ಹೇಳಿದಳು. ಆಮೇಲೆ ಬಗ್ಗಿ ನನ್ನ ಕಿವಿಯ ಹತ್ತಿರ ಬಂದಳು.

“ಹಬ್ಬಕ್ಕೆ ಬರ್ತೀನಿ, ಉರುಸಿಗೆ ಬರ್ತೀನಿ, ಸುಮ್ನೆನೂ ಬರ್ತೀನಿ. ನನ್ನ ಮಗ್ಗುಲು ಯಾರಿಗೂ ಕೊಡಬ್ಯಾಡ.”

ಖಾಲಿ ಬ್ಯಾಗಿಗೆ ಮಾಬಜ್ಜಿ ಒಂದು ಹೊಸ ದಿಂಬು ತುರುಕಿದಳು. ಬಸ್ಸು ಹೊರಟ ಮೇಲೆ ನಾನು ಅತ್ತೆ, ಜೋರಾಗಿಯೇ ಅತ್ತೆ. ಆದರೆ ಅಳುತ್ತಾ ನಡೆದದ್ದು ನಮ್ಮ ಮನೆಯ ಕಡೆಗೆ.

ಅಜ್ಜಿ ಮಾತಿಗೆ ತಪ್ಪಲಿಲ್ಲ, ನಾನೂ ತಪ್ಪಲಿಲ್ಲ. ನೆಂಟರ ಮಕ್ಕಳು ಬಂದರೆ ನನ್ನ ಮೆತ್ತಗಿನ ಕಡೆಯಲ್ಲೇ ಒತ್ತಿಕೊಂಡು ಮಲಗಬೇಕಿತ್ತು. ಹೊಲಿಗೆ ದಾಟಿ ಆಚೆ ಉರುಳಿದವರನ್ನು ಎಬ್ಬಿಸಿ ಈಚೆ ತರುತ್ತಿದ್ದೆ. ಎರಡು ವರ್ಷದ ಮೇಲೆ ತಂಗಿ ಹುಟ್ಟಿದಳು. ಬಾಣಂತನ ಮುಗಿಸಿ ಅಜ್ಜಿ ಜಗಳೂರಿಗೆ ಹೋಗಿ ಕೆಲವು ತಿಂಗಳಾಗಿತ್ತು. ಅವ್ವ ಅಂಗಡಿಯ ಕೆಲಸಕ್ಕೆ ಕೂತಾಗ ಕೂಸನ್ನು ಎಲ್ಲಿ ಮಲಗಿಸುವುದು ಎಂಬ ಮಾತು ಬಂತು. ನನ್ನ ಮೆತ್ತಗಿನ ಕಡೆ ಮಲಗಿಸಿದರೆ ಹತ್ತಿಯಲ್ಲಿ ಹೂತುಹೋಗುತ್ತಾಳೆ, ಕೂಸಿಗೆ ಗಟ್ಟಿಯೇ ಆಗಬೇಕು ಎಂದಳು ಮಾಬಜ್ಜಿ. ಎಲ್ಲರೂ ನನ್ನ ಮುಖ ನೋಡಿದರು. ಅಜ್ಜಿಯನ್ನು ಕೇಳದೆ ಆಗುವುದಿಲ್ಲ ಎಂದೆ. ಅಪ್ಪ ಅದನ್ನು ತಮಾಷೆ ಎಂದುಕೊಳ್ಳಲಿಲ್ಲ. ನನ್ನನ್ನು ಬೀದಿಯ ಕೊನೆಯ ಟೆಲಿಫೋನ್ ಬೂತಿಗೆ ಕರೆದೊಯ್ದು, ಜಗಳೂರಿನ ಕಿರಾಣಿ ಅಂಗಡಿಗೆ ಫೋನು ಹಚ್ಚಿಸಿ, ಅಲ್ಲಿಯವರು ಅಜ್ಜಿಯನ್ನು ಕರೆದುಕೊಂಡು ಬರುವ ತನಕ ಕಾದು ನಿಂತ. ನಾನು ವಿಷಯ ಹೇಳಿದೆ. ಫೋನಿನಲ್ಲಿ ಅಜ್ಜಿಯ ಹಿಂದೆ ಒಂದು ಆಡು ಕೂಗುವುದು ಕೇಳಿಸಿತು.

“ಕೂಸು ಎಷ್ಟು ಅಗಲ ಆಗೈತೆ ಈಗ?”

ನಾನು ಅಪ್ಪನನ್ನು ನೋಡಿದೆ. ಅವನು ಹೆಬ್ಬೆರಳನ್ನೂ ಕಿರುಬೆರಳನ್ನೂ ಚಾಚಿ ತೋರಿಸಿದ. ಒಂದು ಗೇಣು ಎಂದೆ.

“ಹಂಗಾದ್ರೆ ಮಲಗಿಸ್ಕೋ. ನಾನು ಬಂದಾಗ ನಡುವೆ ಹಾಕ್ಕೊಳ್ಳಾಣ.”